ಚಕ್ಕೋತ ಹಣ್ಣು ಮತ್ತು ಕಸಿಯಾದವರ ಮಾತ್ರೆ

ಪ್ರಶ್ನೆ: ನನ್ನ ತಂಗಿಗೆ ಮೂತ್ರಪಿಂಡದ ಕಸಿಯಾಗಿ ಆರು ತಿಂಗಳಾಯಿತು. ಟ್ಯಾಕ್ರೋಲಿಮಸ್ ಮಾತ್ರೆಯನ್ನು ದಿನಕ್ಕೆರಡು ಬಾರಿ ತಪ್ಪದೆ ಒಂದೇ ಹೊತ್ತಿಗೆ ನುಂಗಬೇಕೆಂದೂ, ರಕ್ತಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ನಂತರವೇ ತೆಗೆದುಕೊಳ್ಳಬೇಕೆಂದೂ ವೈದ್ಯರು ಹೇಳಿದ್ದಾರೆ. ಮಾತ್ರೆಯು ಒಂದು ಕಿಣ್ವವನ್ನು ತಡೆಯುತ್ತದೆಯಂತೆ. ಒಂದೇ ಕಿಣ್ವ ನಿಂತರೆ ರೋಗನಿರೋಧಕ ಶಕ್ತಿ ತಗ್ಗುವುದು ಹೇಗೆ? ನಮ್ಮ ಹಿತ್ತಲಿನ ಚಕ್ಕೋತ ಹಣ್ಣನ್ನೂ ಬೇಡವೆಂದಿರುವುದೇಕೆ?
— ಓದುಗರೊಬ್ಬರು, ದೇವನಹಳ್ಳಿ

ಉತ್ತರ: ಕಸಿಯಾದ ಅಂಗವನ್ನು ಪರಕೀಯವೆಂದು ಗುರುತಿಸುವವು ಮುಖ್ಯವಾಗಿ ರಕ್ತದಲ್ಲಿರುವ ಟಿ-ಕೋಶಗಳು. ಗುರುತಿಸುವ ಗ್ರಾಹಕವು ಕೋಶದ ಹೊರಮೈಯಲ್ಲಿದೆ, ಆದರೆ ಆ ಗ್ರಾಹಕಕ್ಕೆ ತಾನಾಗಿ ಏನನ್ನೂ ಮಾಡುವ ಶಕ್ತಿಯಿಲ್ಲ. ಅದರ ಒಳತುದಿಗೆ ಎಲ್‌ಸಿಕೆ ಎಂಬ ಕಿಣ್ವ ಫಾಸ್ಫೇಟನ್ನು ಅಂಟಿಸಿದಾಗ, ಜ್ಯಾಪ್-70 ಎಂಬ ಇನ್ನೊಂದು ಕಿಣ್ವ ಅಲ್ಲಿಗೆ ಬಂದು ಕೂತು ಮುಂದಿನ ಪ್ರೋಟೀನುಗಳಿಗೂ ಫಾಸ್ಫೇಟನ್ನು ಹಚ್ಚುತ್ತದೆ. ಈ ಸರಣಿಯ ಫಲವಾಗಿ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ.

ನಿಮ್ಮ ತಂಗಿಯವರ ಮಾತ್ರೆ ಕೆಲಸ ಮಾಡುವುದು ಇದರ ನಂತರದ ಹಂತದಲ್ಲಿ. ಏರಿದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಮೇಲಿನವುಗಳಂತೆ ಇದು ಫಾಸ್ಫೇಟನ್ನು ಅಂಟಿಸುವುದಿಲ್ಲ, ಕಿತ್ತು ತೆಗೆಯುತ್ತದೆ. ಎನ್‌ಫ್ಯಾಟ್ ಎಂಬ ಪ್ರೋಟೀನು ಮೈತುಂಬ ಫಾಸ್ಫೇಟ್ ಹೊತ್ತಿರುವವರೆಗೆ ಕೋಶಕೇಂದ್ರದ ಹೊರಗೇ ಉಳಿದಿರುತ್ತದೆ. ಅವು ಕಳಚಿದ ಕೆಲವೇ ನಿಮಿಷಗಳಲ್ಲಿ ಒಳಹೊಕ್ಕು, ಇಂಟರ್‌ಲ್ಯೂಕಿನ್-2 ತಯಾರಿಸುವ ಜೀನನ್ನು ಚಾಲೂ ಮಾಡುತ್ತದೆ. ಟಿ-ಕೋಶಗಳು ಒಂದು ನೂರಾಗಿ, ನೂರು ಸಾವಿರವಾಗಿ ಹೆಚ್ಚುವುದಕ್ಕೆ ಈ ಇಂಟರ್‌ಲ್ಯೂಕಿನ್ ಬೇಕೇ ಬೇಕು. ಟ್ಯಾಕ್ರೋಲಿಮಸ್ ಕೋಶದೊಳಗಿನ ಒಂದು ಪುಟ್ಟ ಪ್ರೋಟೀನಿನೊಂದಿಗೆ ಜೋಡಿಯಾಗಿ ಕ್ಯಾಲ್ಸಿನ್ಯೂರಿನ್ನಿಗೆ ಅಡ್ಡಲಾಗಿ ಕೂರುತ್ತದೆ. ಟಿ-ಕೋಶ ಸಾಯುವುದಿಲ್ಲ, ಪರಕೀಯವನ್ನು ಕಂಡರೂ ಅದರ ದಂಡು ಬೆಳೆಯುವುದಿಲ್ಲ.

ಈ ಔಷಧ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ. ಅದಕ್ಕಿಂತ ಹಳೆಯದಾದ ಸೈಕ್ಲೋಸ್ಪೋರಿನ್ ಶಿಲೀಂಧ್ರದಿಂದ ಬಂದದ್ದು, ರಚನೆಯೂ ಬೇರೆ. ಆದರೂ ಎರಡೂ ತಡೆಯುವುದು ಕ್ಯಾಲ್ಸಿನ್ಯೂರಿನ್ನನ್ನೇ ಎಂದು 1991ರಲ್ಲಿ ತಿಳಿಯಿತು. ಆ ಹೊತ್ತಿಗೆ ಸೈಕ್ಲೋಸ್ಪೋರಿನ್ ಎಷ್ಟೋ ಕಸಿಗಳನ್ನು ಉಳಿಸಿತ್ತು ಎಂಬುದನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ.

ಕ್ಯಾಲ್ಸಿನ್ಯೂರಿನ್ ಟಿ-ಕೋಶದಲ್ಲಿ ಮಾತ್ರವಲ್ಲ, ಮಿದುಳಿನಲ್ಲೂ ಮೂತ್ರಪಿಂಡದಲ್ಲೂ ಇದೆ. ಔಷಧ ಹೆಚ್ಚಾದರೆ ಲೋಟ ಹಿಡಿದ ಕೈ ನಡುಗಬಹುದು, ರಕ್ತದೊತ್ತಡವೂ ಸಕ್ಕರೆಯೂ ಏರಬಹುದು, ಕಾಪಾಡಬೇಕಾದ ಮೂತ್ರಪಿಂಡಕ್ಕೇ ಪೆಟ್ಟಾಗಬಹುದು. ಕಡಿಮೆಯಾದರೆ ದೇಹ ಕಸಿಯನ್ನು ತಿರಸ್ಕರಿಸಬಹುದು. ಇವೆರಡರ ನಡುವಿನ ಅಂತರ ಬಹಳ ಕಿರಿದು. ಹೊತ್ತು ತಪ್ಪಬಾರದೆನ್ನುವುದು ಇದಕ್ಕಾಗಿಯೇ. ಹಿಂದಿನ ಮಾತ್ರೆಯ ಪ್ರಮಾಣ ರಕ್ತದಲ್ಲಿ ಅತಿ ಕಡಿಮೆಗಿಳಿದಾಗ ಎಷ್ಟಿದೆ ಎಂಬುದನ್ನು ವೈದ್ಯರು ಅಳೆಯುತ್ತಾರೆ; ಬೆಳಗಿನ ಮಾತ್ರೆ ನುಂಗಿ ಹೋದರೆ ಆ ಅಳತೆಯೇ ಸುಳ್ಳಾಗುತ್ತದೆ.

ಇನ್ನು ಚಕ್ಕೋತ. ನಿಮ್ಮೂರಿನ ಕೆಂಪು ತೊಳೆಯ ಹಣ್ಣನ್ನು ಬೇಡವೆನ್ನಲು ನನಗೂ ಮನಸ್ಸಿಲ್ಲ, ಆದರೆ ವೈದ್ಯರ ಮಾತು ಸರಿ. ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ಟ್ಯಾಕ್ರೋಲಿಮಸಿನ ಬಹುಪಾಲನ್ನು ರಕ್ತ ಸೇರುವ ಮೊದಲೇ ಒಡೆದುಹಾಕುತ್ತದೆ. ವೈದ್ಯರು ಪ್ರಮಾಣವನ್ನು ನಿಗದಿಮಾಡುವುದು ಈ ನಷ್ಟವನ್ನು ಲೆಕ್ಕ ಹಿಡಿದೇ. ಚಕ್ಕೋತದಲ್ಲಿರುವ ಫ್ಯುರಾನೋಕೌಮರಿನ್ ಎಂಬ ಪದಾರ್ಥಗಳು ಆ ಕಿಣ್ವವನ್ನು ಮತ್ತೆ ಏಳದಂತೆ ಕೆಡಿಸುವುದರಿಂದ ಅದೇ ಮಾತ್ರೆಯಿಂದ ಹೆಚ್ಚು ಔಷಧ ರಕ್ತಕ್ಕಿಳಿಯುತ್ತದೆ. ಕರುಳು ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲು ಒಂದು ದಿನಕ್ಕಿಂತ ಹೆಚ್ಚು ಬೇಕಾಗುವುದರಿಂದ, ಮಧ್ಯಾಹ್ನ ಹಣ್ಣು ತಿಂದು ರಾತ್ರಿ ಮಾತ್ರೆ ನುಂಗುತ್ತೇನೆಂದರೆ ಪ್ರಯೋಜನವಿಲ್ಲ. ಅವರು ಈಗಾಗಲೇ ತಿಂದಿದ್ದರೆ ಗಾಬರಿಯಾಗಿ ಮಾತ್ರೆ ಬಿಡುವುದು ಬೇಡ. ಎಂದು, ಎಷ್ಟು ತಿಂದರೆಂಬುದನ್ನು ಕಸಿ ವಿಭಾಗಕ್ಕೆ ಫೋನ್ ಮಾಡಿ ತಿಳಿಸಿರಿ.