ಕೂರಲಾಗದ ಏಳನೇ ತಿಂಗಳು: ಒಂದು ಆಪ್ತಸಲಹೆ ಪ್ರಕರಣ

ನನ್ನ ಕೋಣೆಗೆ ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದರು. ಏಳು ತಿಂಗಳ ಗರ್ಭಿಣಿ, ಬೆಳಿಗ್ಗೆಯಿಂದ ಸ್ಕ್ಯಾನಿಂಗ್ ಸಾಲಿನಲ್ಲಿ ಕಾದು ಬಂದವರು, ಕೂತ್ಕೊಳ್ಳಿ ಅಂತ ಎರಡು ಸಲ ಹೇಳಿದರೂ "ಪರವಾಗಿಲ್ಲ ಮೇಡಂ" ಅಂತಾರೆ ಅಂದರೆ ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಡಾಕ್ಟರ್ ಕಳಿಸಿದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹಿಮೋಗ್ಲೋಬಿನ್ 10.6ರಿಂದ 8.8ಕ್ಕೆ ಇಳಿದಿದೆ, ಐರನ್ ಮಾತ್ರೆ ತಗೋತಾ ಇಲ್ಲ ಅನಿಸುತ್ತೆ, ಮಾತಾಡಿ ನೋಡಿ.

ಇವರನ್ನು ಲತಾ ಅನ್ನೋಣ. ಹೆಸರು ಮತ್ತು ಕೆಲವು ಗುರುತುಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ವಯಸ್ಸು 24, ಚೊಚ್ಚಲ ಬಸಿರು. ಮಂಡ್ಯ ಕಡೆಯ ಹಳ್ಳಿಯವರು, ದಿನಾ ಬಸ್ಸಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗಿ ಟೈಲರ್ ಕೆಲಸ ಮಾಡುತ್ತಿದ್ದರು.

ಮಾತ್ರೆ ತಗೊಂಡ್ರೆ ಮಗು ಕಪ್ಪಾಗುತ್ತೆ ಅಂತ ಯಾರಾದರೂ ಹೆದರಿಸಿರಬೇಕು ಅಂದುಕೊಂಡು ನಾನು ಅಲ್ಲಿಂದಲೇ ಶುರು ಮಾಡಿದೆ. ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದರು. ಹತ್ತು ನಿಮಿಷ ಹೀಗೇ ಹೋಯಿತು. ಆಮೇಲೆ ನಾನು ಸುಮ್ಮನಾಗಿ ಒಂದೇ ಪ್ರಶ್ನೆ ಕೇಳಿದೆ. "ಆ ಮಾತ್ರೆ ನುಂಗಿದ ದಿನ ಮೋಷನ್ ಹೇಗಾಗುತ್ತೆ?"

ಅವರು ಅತ್ತುಬಿಟ್ಟರು.

ಎರಡು ತಿಂಗಳಿಂದ ರಕ್ತ ಹೋಗ್ತಾ ಇತ್ತು. ಜಾಸ್ತಿ ಅಲ್ಲ, ಮೋಷನ್ ಆದ ಮೇಲೆ ನಾಲ್ಕೈದು ಹನಿ. ತೊಳೆಯುವಾಗ ಕೈಗೆ ನೆಲಗಡಲೆ ಬೀಜದಷ್ಟು ದೊಡ್ಡ ಗಂಟು ಸಿಗುತ್ತಿತ್ತು. ಮೊಬೈಲಿನಲ್ಲಿ ಹುಡುಕಿದಾಗ ಕ್ಯಾನ್ಸರ್ ಅಂತ ಬಂದಿತ್ತು. ಅಲ್ಲಿಂದ ಅವರಿಗೆ ನಿದ್ದೆ ಇಲ್ಲ. ಗಂಡನಿಗೆ ಹೇಳಿಲ್ಲ, ಅತ್ತೆಗೆ ಹೇಳಿಲ್ಲ. ಡಾಕ್ಟರಿಗೆ ಹೇಳೋಣ ಅಂದರೆ ಅವರು ಗಂಡಸು, ಮೇಲಾಗಿ ಅದೇ ಕೋಣೆಯಲ್ಲಿ ಇನ್ನೂ ಮೂರು ಜನ ತಾಯಿ ಕಾರ್ಡ್ ಹಿಡಿದು ನಿಂತಿರುತ್ತಾರೆ. ಎಲ್ಲರ ಮುಂದೆ ಇದನ್ನು ಹೇಗೆ ಹೇಳೋದು ಅಲ್ವಾ?

ಅವರು ಮಾಡಿದ್ದನ್ನು ಒಂದೊಂದಾಗಿ ಕೇಳಿದಾಗ ನನಗೆ ನಿಜಕ್ಕೂ ಹೊಟ್ಟೆ ಕಲಸಿದ ಹಾಗಾಯಿತು. ಕೆಲಸದ ಜಾಗದಲ್ಲಿ ಟಾಯ್ಲೆಟ್‌ಗೆ ಹೋಗಬೇಕು ಅಂದರೆ ಸೂಪರ್‌ವೈಸರನ್ನು ಕೇಳಬೇಕು, ಎದ್ದರೆ ಟಾರ್ಗೆಟ್ ಹಿಂದೆ ಬೀಳುತ್ತೆ, ಹಾಗಾಗಿ ಅವರು ಬಸಿರಿಗೆ ಮುಂಚಿನಿಂದಲೂ ನೀರು ಕುಡಿಯುವುದೇ ಕಡಿಮೆ, ದಿನಕ್ಕೆ ಅರ್ಧ ಬಾಟಲಿ. ಬಸಿರಾದ ಮೇಲೂ ಅದೇ. ಮಲಬದ್ಧತೆ ಶುರುವಾಯಿತು, ರಕ್ತ ಕಾಣಿಸಿತು. ಇದು ಐರನ್ ಮಾತ್ರೆಯ ಉಷ್ಣ ಅಂದುಕೊಂಡು ಮಾತ್ರೆ ಬಿಟ್ಟರು. ಆಗಲೂ ಕಡಿಮೆ ಆಗಲಿಲ್ಲ. ತಿಂದರೆ ತಾನೇ ಹೋಗಬೇಕು ಅಂತ ರಾತ್ರಿ ಊಟ ಬಿಟ್ಟರು. ಹೊಟ್ಟೆಯಲ್ಲಿ ಏಳು ತಿಂಗಳ ಮಗು ಇಟ್ಟುಕೊಂಡು.

ನಾನು ಡಾಕ್ಟರ್ ಅಲ್ಲ, ಆಪ್ತಸಲಹೆಗಾರ್ತಿ. ಅವತ್ತು ನಾನು ಮಾಡಿದ ಮುಖ್ಯ ಕೆಲಸ ಅಂದರೆ ಅವರನ್ನು ಒಬ್ಬ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದು, ಹೊರಗಿನ ಸಾಲನ್ನು ಐದು ನಿಮಿಷ ನಿಲ್ಲಿಸಿ ಬಾಗಿಲು ಹಾಕಿಸಿದ್ದು. ಎಡಮಗ್ಗುಲಿಗೆ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ ನೋಡಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಕ್ಯಾನ್ಸರ್ ಅಲ್ಲ, ಮೂಲವ್ಯಾಧಿ, ಅಂದರೆ ಪೈಲ್ಸ್. ಎರಡು ತಿಂಗಳ ನಿದ್ದೆ ಕೆಡಿಸಿದ್ದು ಎರಡು ನಿಮಿಷದಲ್ಲಿ ಗೊತ್ತಾಯಿತು.

ಲತಾ ಕೇಳಿದ್ದು, "ನನಗೇ ಯಾಕೆ ಮೇಡಂ? ನಾನೇನು ಖಾರ ಜಾಸ್ತಿ ತಿನ್ನಲ್ಲ." ಇದು ತಪ್ಪು ಮಾಡಿದ್ದಕ್ಕೆ ಬಂದ ಕಾಯಿಲೆ ಅಲ್ಲ. ಗುದದ್ವಾರದ ಒಳಗೆ, ಸುತ್ತ ಎಲ್ಲರಿಗೂ ರಕ್ತನಾಳಗಳ ಮೆತ್ತೆ ಇರುತ್ತದೆ. ಬಸಿರಿನಲ್ಲಿ ಮೈಯಲ್ಲಿ ರಕ್ತವೇ ಜಾಸ್ತಿ ಆಗುತ್ತದೆ, ಬೆಳೆದ ಗರ್ಭಕೋಶ ಸೊಂಟದ ಒಳಗಿನ ನಾಳಗಳನ್ನು ಒತ್ತುತ್ತದೆ, ಪ್ರೊಜೆಸ್ಟರಾನ್ ಹಾರ್ಮೋನು ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಮಲ ಒಳಗೇ ನಿಂತು ನೀರು ಆರಿ ಗಟ್ಟಿಯಾಗುತ್ತದೆ. ತಿಣುಕಿದಾಗ ಆ ಮೆತ್ತೆ ಊದಿಕೊಂಡು ಇಳಿಬೀಳುತ್ತದೆ. ಐರನ್ ಮಾತ್ರೆ ಮಲವನ್ನು ಇನ್ನಷ್ಟು ಗಟ್ಟಿ ಮಾಡುವುದು ನಿಜ, ಕಪ್ಪಾಗಿ ಹೋಗುವುದೂ ನಿಜ. ಆದರೆ ಮಾತ್ರೆ ತಾನಾಗಿ ಬಿಡುವ ಹಾಗಿಲ್ಲ. ಬಸಿರಿನಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೇ ರಕ್ತಹೀನತೆ, ಇವರದ್ದು 8.8. ಹೆರಿಗೆಯಲ್ಲಿ ಸ್ವಲ್ಪ ರಕ್ತ ಜಾಸ್ತಿ ಹೋದರೂ ಇಂಥವರಿಗೆ ತಡೆದುಕೊಳ್ಳಲು ಶಕ್ತಿ ಇರುವುದಿಲ್ಲ. ಡಾಕ್ಟರ್ ಮಾತ್ರೆ ಬದಲು ಐರನ್ ಅನ್ನು ಡ್ರಿಪ್‌ನಲ್ಲಿ ಕೊಟ್ಟರು, ಅದರಿಂದ ಮಲಬದ್ಧತೆ ಆಗುವುದು ಕಡಿಮೆ. ರಾತ್ರಿಗೆ ಮಲ ಮೆತ್ತಗಾಗಲು ಲ್ಯಾಕ್ಟುಲೋಸ್ ಸಿರಪ್ ಬರೆದರು, ಹಚ್ಚಲು ಒಂದು ಮುಲಾಮು. ಮುಲಾಮು ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ, ಆದರೆ ಬಸಿರಿನಲ್ಲಿ ಯಾವುದು, ಎಷ್ಟು ದಿನ ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಇನ್ನೊಂದು ಮಾತನ್ನು ಡಾಕ್ಟರ್ ಒತ್ತಿ ಹೇಳಿದರು, ನಾನು ಅಂದಿನಿಂದ ಎಲ್ಲ ಗರ್ಭಿಣಿಯರಿಗೂ ಹೇಳುತ್ತಿದ್ದೇನೆ. ರಕ್ತ ಎಲ್ಲಿಂದ ಬರ್ತಾ ಇದೆ ಅಂತ ತಾನೇ ತೀರ್ಮಾನ ಮಾಡಬೇಡಿ. ಮೋಷನ್ ಜೊತೆ ಅಥವಾ ಆದ ತಕ್ಷಣ ಕೆಂಪು ಹನಿ ಬಿದ್ದರೆ ಪೈಲ್ಸ್ ಇರಬಹುದು. ಸುಮ್ನೆ ಇದ್ದಾಗ ಒಳಬಟ್ಟೆಯಲ್ಲಿ ರಕ್ತ ಕಂಡರೆ, ಅಥವಾ ಎಲ್ಲಿಂದ ಅಂತ ಗೊತ್ತಾಗದಿದ್ದರೆ, ಅದು ಗರ್ಭಕೋಶದ ಕಡೆಯದೇ ಅಂದುಕೊಂಡು ಆ ಕ್ಷಣವೇ ಆಸ್ಪತ್ರೆಗೆ ಬರಬೇಕು. ರಾತ್ರಿ ಆದರೂ ಸರಿ, 108ಕ್ಕೆ ಫೋನ್ ಮಾಡಿ. ಪೈಲ್ಸ್ ಇರಬೇಕು ಬಿಡು ಅಂತ ಮನೆಯಲ್ಲಿ ಕೂರುವುದು ತಾಯಿ ಮಗು ಇಬ್ಬರಿಗೂ ಅಪಾಯ.

ಅಲ್ಲಿಂದ ಮುಂದೆ ನನ್ನ ಕೆಲಸ. ಮೊದಲು ನೀರು. ನಾವು ಲೆಕ್ಕ ಹಾಕಿದ್ದು ಲೋಟದಲ್ಲಲ್ಲ, ಬಾಟಲಿಯಲ್ಲಿ: ಲೀಟರ್ ಬಾಟಲಿ, ಊಟದ ಹೊತ್ತಿಗೆ ಒಂದು ಖಾಲಿ, ಸಂಜೆ ಬಸ್ ಹತ್ತುವ ಮುಂಚೆ ಇನ್ನೊಂದು. ಟಾಯ್ಲೆಟ್ ವಿಷಯಕ್ಕೆ ಡಾಕ್ಟರಿಂದ ಎರಡು ಸಾಲಿನ ಚೀಟಿ ಬರೆಸಿಕೊಟ್ಟೆ, ಅದನ್ನು ಸೂಪರ್‌ವೈಸರಿಗಲ್ಲ, ವೆಲ್ಫೇರ್ ಆಫೀಸರಿಗೆ ಕೊಡಿ ಅಂದೆ. ಕಾರ್ಮಿಕರ ಕ್ಷೇಮ ನೋಡಿಕೊಳ್ಳುವ ಆ ಹುದ್ದೆ ದೊಡ್ಡ ಕಾರ್ಖಾನೆಗಳಲ್ಲಿ ಇರಲೇಬೇಕು. ಒಂಬತ್ತನೇ ತಿಂಗಳು ಮುಗಿಯುವವರೆಗೂ ಕೆಲಸಕ್ಕೆ ಹೋಗಿ ರಜೆಯನ್ನೆಲ್ಲ ಆಮೇಲೆ ಇಟ್ಟುಕೊಳ್ಳಬೇಕು ಅಂತ ಲತಾ ಯೋಚಿಸಿದ್ದರು. ಹೆರಿಗೆ ರಜೆ 26 ವಾರ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೊಳ್ಳಬಹುದು. ಎಂಟು ಗಂಟೆ ಮೆಷಿನ್ ಮುಂದೆ ಕೂರುವುದೇ ಇದಕ್ಕೆ ಕೆಟ್ಟದ್ದು, ಹಾಗಾಗಿ ಕೊನೆಯ ತಿಂಗಳಾದರೂ ಬಿಡಿ ಅಂತ ಹೇಳಿದೆ. ಅಲ್ಲಿಯವರೆಗೆ ಗಂಟೆಗೊಮ್ಮೆ ಎದ್ದು ನಿಲ್ಲುವುದು, ಮನೆಗೆ ಬಂದ ಮೇಲೆ ಎಡಮಗ್ಗುಲಿಗೆ ಅರ್ಧ ಗಂಟೆ ಮಲಗುವುದು.

ಊಟಕ್ಕೆ ಹೊಸದೇನೂ ಬೇಕಿರಲಿಲ್ಲ. ಮಂಡ್ಯದ ಮನೆಯಲ್ಲಿ ಮುದ್ದೆ ಇದೆ, ಬಸ್ಸಾರು ಇದೆ, ಸೊಪ್ಪು, ಹೆಸರುಕಾಳು ಇದೆ. ಇವರು ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯಲ್ಲಿ ಅದೇ ಚಿತ್ರಾನ್ನ ತಿಂದು ಬದುಕುತ್ತಿದ್ದರು ಅಷ್ಟೇ. ಡಬ್ಬಿಗೆ ಕಾಳಿನ ಪಲ್ಯ, ಸಂಜೆ ಒಂದು ಸೀಬೆಹಣ್ಣು ಅಥವಾ ಬಾಳೆಹಣ್ಣು, ರಾತ್ರಿ ಮುದ್ದೆ ಸಾರು. ಒಂದೇ ದಿನ ಎಲ್ಲ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ, ನಿಧಾನವಾಗಿ ಮಾಡಿ ಅಂದೆ. ಇಸಬ್‌ಗೋಲ್ ಹೊಟ್ಟು ಬೇಕಿದ್ದರೆ ಒಂದು ಚಮಚ, ದೊಡ್ಡ ಲೋಟ ನೀರಿನಲ್ಲಿ, ಅದರ ಹಿಂದೆಯೇ ಇನ್ನೊಂದು ಲೋಟ. ನೀರಿಲ್ಲದೆ ಬರೀ ಹೊಟ್ಟು ತಿಂದರೆ ಅದೇ ಗಟ್ಟಿಯಾಗಿ ಕೂರುತ್ತದೆ.

ಟಾಯ್ಲೆಟ್ ಬಗ್ಗೆ ಬಿಡಿಸಿ ಮಾತಾಡಿದೆ, ಯಾಕಂದರೆ ಯಾರೂ ಮಾತಾಡುವುದಿಲ್ಲ. ಬಂದಾಗ ತಡೆಯಬೇಡಿ. ಬೆಳಿಗ್ಗೆ ತಿಂಡಿ ಆದ ಅರ್ಧ ಗಂಟೆಗೆ ಕರುಳು ತಾನಾಗಿ ಕರೆಯುತ್ತದೆ, ಆ ಹೊತ್ತು ನಿಮಗಾಗಿ ಇಟ್ಟುಕೊಳ್ಳಿ. ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ, ಮಂಡಿ ಸೊಂಟಕ್ಕಿಂತ ಮೇಲೆ ಬರಲಿ. ಉಸಿರು ಬಿಗಿ ಹಿಡಿದು ತಿಣುಕಬೇಡಿ, ಬಾಯಿ ತೆರೆದು ನಿಧಾನ ಉಸಿರು ಬಿಡಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ. ಫೋನ್ ಒಳಗೆ ಬೇಡ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಹಳೇ ಕಾಟನ್ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ನೋವು ಇದ್ದ ದಿನ ಅಗಲದ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಅಷ್ಟೇ ಬಿಸಿ. ಡೆಟಾಲ್ ಹಾಕಬೇಡಿ, ಚರ್ಮ ಉರಿಯುತ್ತದೆ.

ಅತ್ತೆಗೆ ವಿಷಯ ಗೊತ್ತಾದಾಗ ಅವರು ಹರಳೆಣ್ಣೆ ಕುಡಿಸೋಣ ಅಂದರಂತೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಬಸಿರಿಯರಿಗೆ ಹರಳೆಣ್ಣೆ ಬೇಡ, ಹೊಟ್ಟೆನೋವು ಶುರುವಾಗಬಹುದು. ಪುಡಿ, ಬೇರು, ಸೊಪ್ಪಿನ ಪಟ್ಟು, "ಆಪರೇಷನ್ ಇಲ್ಲದೆ ಗ್ಯಾರಂಟಿ" ಅನ್ನುವ ಬೋರ್ಡಿನ ಇಂಜೆಕ್ಷನ್, ಯಾವುದೂ ಬೇಡ. ಮಜ್ಜಿಗೆ, ಸುವರ್ಣಗಡ್ಡೆ ಪಲ್ಯ ಊಟದಲ್ಲಿ ಧಾರಾಳವಾಗಿ ಇರಲಿ.

ಮೂರು ವಾರಕ್ಕೆ ರಕ್ತ ನಿಂತಿತು. ಹೆರಿಗೆಗೆ ಮುಂಚೆ ಹಿಮೋಗ್ಲೋಬಿನ್ 10.4. ಹೆರಿಗೆಯಲ್ಲಿ ತಿಣುಕಿದರೆ ಮತ್ತೆ ಬರುತ್ತಲ್ಲ, ಸಿಸೇರಿಯನ್ ಮಾಡಿಸಿಕೊಂಡರೆ ಹೇಗೆ ಅಂತ ಕೇಳಿದರು. ಪೈಲ್ಸ್ ಇದೆ ಅನ್ನುವುದಕ್ಕಾಗಿ ಸಿಸೇರಿಯನ್ ಮಾಡುವುದಿಲ್ಲ ಅಂತ ಡಾಕ್ಟರ್ ಹೇಳಿದರು. ನಾರ್ಮಲ್ ಆಯಿತು, ಹೆಣ್ಣುಮಗು, ಕೆಳಗೆ ನಾಲ್ಕು ಹೊಲಿಗೆ. ತವರಿಗೆ ಹೋದರು.

ಇಲ್ಲಿ ನನ್ನದೊಂದು ತಪ್ಪಿದೆ. ಹೆರಿಗೆ ಆದ ಮೇಲಿನ ಮೊದಲ ವಾರ ಇದು ಎಲ್ಲಕ್ಕಿಂತ ಜೋರಾಗಿ ಮರಳಬಹುದು ಅಂತ ನಾನು ಮನೆಯವರಿಗೆ ಹೇಳಿ ಕಳಿಸಲಿಲ್ಲ. ಏಳನೇ ದಿನ ರಾತ್ರಿ ಲತಾ ಫೋನ್ ಮಾಡಿದರು. ದ್ರಾಕ್ಷಿಯಷ್ಟು ದೊಡ್ಡ ನೀಲಿ ಗಂಟು, ನಾಲ್ಕು ದಿನದಿಂದ. ಮಗುವಿಗೆ ಹಾಲು ಕೊಡಲು ಕೂರಲಾಗುತ್ತಿಲ್ಲ. ಮೋಷನ್‌ಗೆ ಹೋದರೆ ಹೊಲಿಗೆ ಬಿಚ್ಚುತ್ತೆ ಅನ್ನುವ ಭಯಕ್ಕೆ ಹೋಗೇ ಇಲ್ಲ. ಅಜ್ಜಿ ಊಟಕ್ಕೊಂದು ಸಣ್ಣ ಲೋಟ ನೀರು ಮಾತ್ರ ಕೊಡುತ್ತಿದ್ದಾರೆ, ತರಕಾರಿ ಇಲ್ಲ, ಮೆಣಸಿನ ಸಾರು ಅನ್ನ. "ಮಗುನ ಎತ್ಕೊಳ್ಳೋಕೂ ಮನಸ್ಸು ಬರ್ತಿಲ್ಲ ಮೇಡಂ" ಅಂದರು. ಆಗ ನಾನು ನೇರವಾಗಿ ಕೇಳಿದೆ, ಸಾಯಬೇಕು ಅನಿಸುತ್ತಾ, ಮಗುವಿಗೆ ಏನಾದರೂ ಮಾಡಬೇಕು ಅನಿಸುತ್ತಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಹೆದರುವವರಿದ್ದಾರೆ, ಹಾಗಾಗುವುದಿಲ್ಲ. ಇಲ್ಲ ಮೇಡಂ, ನೋವು ಅಷ್ಟೇ ಅಂದರು. ರಾತ್ರಿ ಮನಸ್ಸು ತಡೆಯದಿದ್ದರೆ ಮಾಡಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ, ಬೆಳಿಗ್ಗೆ ಆಸ್ಪತ್ರೆಗೆ ಬರಲೇಬೇಕು ಅಂದೆ.

ಅದು ಹೊರಗಿನ ಪೈಲ್ಸ್ ಒಳಗೆ ರಕ್ತ ಹೆಪ್ಪುಗಟ್ಟಿದ್ದು. ಮೊದಲ ಎರಡು ಮೂರು ದಿನದಲ್ಲಿ ಬಂದಿದ್ದರೆ ಮರಗಟ್ಟಿಸಿ ಸಣ್ಣದಾಗಿ ಕೊಯ್ದು ತೆಗೆಯಬಹುದಿತ್ತು, ನೋವು ಬೇಗ ಇಳಿಯುತ್ತಿತ್ತು. ಈಗ ತಾನಾಗಿ ಕರಗುವ ದಾರಿಯಲ್ಲಿದೆ, ಒಂದೆರಡು ವಾರ ತಡೆಯಬೇಕು ಅಂದರು ಡಾಕ್ಟರ್. ಮತ್ತೆ ಸಿರಪ್, ನೋವಿಗೆ ಮಾತ್ರೆ, ಟಬ್ಬು, ಬಟ್ಟೆಯಲ್ಲಿ ಸುತ್ತಿದ ಐಸ್ ಐದು ನಿಮಿಷ. ಹೊಲಿಗೆ ಮೋಷನ್‌ಗೆ ಬಿಚ್ಚುವುದಿಲ್ಲ, ಶುದ್ಧ ಪ್ಯಾಡ್ ಒಂದನ್ನು ಮುಂದಿನಿಂದ ಮೆತ್ತಗೆ ಒತ್ತಿ ಹಿಡಿದು ಕೂತರೆ ಧೈರ್ಯ ಬರುತ್ತದೆ. ಹಾಲು ಕೊಡುವಾಗ ಮಗ್ಗುಲಾಗಿ ಮಲಗಿ ಕೊಡಬಹುದು ಅಂತ ನರ್ಸ್ ತೋರಿಸಿದರು.

ಉಳಿದದ್ದು ಅಜ್ಜಿ. ಅವರು ಜೊತೆಗೆ ಬಂದಿದ್ದರು. "ನೀರು ಕುಡುದ್ರೆ ಹೊಟ್ಟೆ ಬತ್ತದೆ ಕಣವ್ವ, ಮಗೀಗೆ ಸೀತ ಆಯ್ತದೆ" ಅಂದರು. ನಾನು ವಾದ ಮಾಡಲಿಲ್ಲ. ನಿಮ್ಮ ಕಾಲದಲ್ಲಿ ಬಾಣಂತಿಗೆ ಏನೇನು ಕೊಡ್ತಿದ್ರಿ ಅಜ್ಜಿ ಅಂತ ಕೇಳಿದೆ. ಸಬ್ಬಸಿಗೆ ಸೊಪ್ಪು, ಹೀರೇಕಾಯಿ, ರಾಗಿ ಗಂಜಿ, ಜೀರಿಗೆ ಕಷಾಯ ಅಂತ ಅವರೇ ಪಟ್ಟಿ ಹೇಳಿದರು. ಬೇಡ ಅಂತಿದ್ದದ್ದು ತಣ್ಣೀರು, ನೀರಲ್ಲ. ಹಾಗಾದರೆ ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಫ್ಲಾಸ್ಕಿನಲ್ಲಿ, ಮಗು ಹಾಲು ಕುಡಿದಾಗೆಲ್ಲ ಒಂದು ಲೋಟ, ಆಗಬಹುದಾ? ತಾಯಿ ಹಾಲಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಅಲ್ವಾ ಅಂದೆ. ಅಜ್ಜಿ ಒಪ್ಪಿದರು. ನೋವು ಇಳಿಯುವವರೆಗೆ ಸಾರಿಗೆ ಮೆಣಸು ಕಡಿಮೆ, ಸಬ್ಬಸಿಗೆ ಪಲ್ಯ ದಿನಾ ಅಂತಲೂ ಆಯಿತು.

ಬಹಳಷ್ಟು ಬಾಣಂತಿಯರಿಗೆ ಇದು ಕೆಲವು ವಾರದಲ್ಲಿ ಕುಗ್ಗುತ್ತದೆ. ಆರು ವಾರದ ನಂತರವೂ ರಕ್ತ ಹೋಗುತ್ತಿದ್ದರೆ ಸರ್ಜನ್ ನೋಡಬೇಕು. ಅಷ್ಟು ದಿನ ಕಾಯದೆ ಓಡಿ ಬರಬೇಕಾದ್ದು: ರಕ್ತ ಗಡ್ಡೆ ಗಡ್ಡೆಯಾಗಿ ಹೋದರೆ, ತಲೆಸುತ್ತು ಬಂದರೆ, ಜ್ವರ ಅಥವಾ ಕೀವು ಇದ್ದರೆ, ಗಾಳಿ ಅಥವಾ ಮಲ ತಡೆಯಲಾಗದೆ ಹೋಗುತ್ತಿದ್ದರೆ. ಕೊನೆಯದನ್ನು ಹೆರಿಗೆ ಆದವರಿಗೆ ಇದೆಲ್ಲ ಇದ್ದದ್ದೇ ಅಂತ ಮುಚ್ಚಿಡುತ್ತಾರೆ. ಹೆರಿಗೆಯಲ್ಲಿ ಒಳಗಿನ ಸ್ನಾಯು ಹರಿದಿರಬಹುದು, ಚಿಕಿತ್ಸೆ ಇದೆ.

ಲತಾ ಆರನೇ ವಾರ ಬಂದರು, ಕುರ್ಚಿಯಲ್ಲಿ ಕೂತು ಮಗುವಿಗೆ ಹಾಲು ಕೊಟ್ಟರು. ಗಂಟು ಇದ್ದ ಜಾಗದಲ್ಲಿ ಸ್ವಲ್ಪ ಚರ್ಮ ಉಳಿದಿದೆ, ನೋವಿಲ್ಲ.

ಅಜ್ಜಿ ಬಾಗಿಲ ಹತ್ತಿರವೇ ನಿಂತಿದ್ದರು. ಲತಾ ಮಗು ಎತ್ತಿಕೊಂಡು ಲಸಿಕೆ ಕೋಣೆಗೆ ಹೋದ ಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, "ನಂಗೂ ಅದೆ ಕಣವ್ವ, ಇವಳವ್ವ ಹುಟ್ಟಿದಾಗ್ಲಿಂದ್ಲೂ" ಅಂದರು. ಅಂದರೆ ನಲವತ್ತು ವರ್ಷಕ್ಕಿಂತ ಜಾಸ್ತಿ. ರಕ್ತ ಹೋಗುತ್ತಾ ಅಜ್ಜಿ ಅಂತ ಕೇಳಿದೆ. ಹೂಂ ಅಂದರು. ಆ ವಯಸ್ಸಿನಲ್ಲಿ ರಕ್ತ ಹೋಗುತ್ತಿದ್ದರೆ ಹಳೇ ಪೈಲ್ಸ್ ಅಂತಲೇ ಬಿಡುವ ಹಾಗಿಲ್ಲ, ಕರುಳನ್ನೂ ಪರೀಕ್ಷೆ ಮಾಡಬೇಕು ಅಂತ ಬಿಡಿಸಿ ಹೇಳಿದೆ. ಲೇಡಿ ಡಾಕ್ಟರ್ ಇದ್ದಾರಾ ಅಂತ ಕೇಳಿದರು. ಇದ್ದಾರೆ, ನಾನೂ ಜೊತೆಗೆ ಬರ್ತೀನಿ, ಬಾಗಿಲು ಹಾಕ್ಸೋಣ ಅಂದೆ. ಮುಂದಿನ ಮಂಗಳವಾರಕ್ಕೆ ಸರ್ಜರಿ ಓಪಿಡಿಯಲ್ಲಿ ಅವರ ಹೆಸರು ಬರೆಸಿದ್ದೇನೆ.