ಸಮವಸ್ತ್ರ ತೊಟ್ಟ ನಾಯಕಿಯರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜಪಾನಿನ ಹಳೆಯ ಹೆಣ್ಣುಮಕ್ಕಳ ಕಾಮಿಕ್ಸ್‌ಗಳಲ್ಲಿ ಗಂಡುಡುಗೆ ತೊಟ್ಟು ಕತ್ತಿ ಹಿಡಿಯುವ ನಾಯಕಿಯರು ಮತ್ತೆ ಮತ್ತೆ ಎದುರಾಗುತ್ತಾರೆ. ಇದು ಎಲ್ಲಿಂದ ಶುರುವಾಯಿತು?

ಉತ್ತರ: ಈ ಮಾತು ಬಂದಾಗ ಮೊದಲು ನೆನಪಾಗುವುದು ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ‘ರಿಬೋನ್ ನೊ ಕಿಶಿ’ (ರಿಬ್ಬನ್ನಿನ ವೀರ). ಅದು 1953ರಿಂದ 1956ರವರೆಗೆ ‘ಶೋಜೋ ಕ್ಲಬ್’ ಎಂಬ ಬಾಲಕಿಯರ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಹುಟ್ಟುವ ಮುಂಚೆಯೇ ಒಂದು ತುಂಟ ದೇವದೂತನ ಎಡವಟ್ಟಿನಿಂದ ಸಫೈರ್ ಎಂಬ ರಾಜಕುಮಾರಿಗೆ ಹೆಣ್ಣಿನ ಹೃದಯದ ಜೊತೆಗೆ ಗಂಡಿನ ಹೃದಯವೂ ದಕ್ಕಿಬಿಡುತ್ತದೆ. ಅವಳ ನಾಡಿನಲ್ಲಿ ಗಂಡು ಮಗನಿಗೆ ಮಾತ್ರ ಸಿಂಹಾಸನದ ಹಕ್ಕು. ಹಾಗಾಗಿ ಅವಳು ಜನರ ಮುಂದೆ ರಾಜಕುಮಾರನಾಗಿ ಬೆಳೆಯುತ್ತಾಳೆ. ತೆಜುಕಾ ಬಾಲ್ಯವನ್ನು ಕಳೆದದ್ದು ತಕರಾಜುಕಾ ಪಟ್ಟಣದಲ್ಲಿ. ಗಂಡಿನ ಪಾತ್ರಗಳನ್ನೂ ಹೆಂಗಸರೇ ಆಡುವ ಅಲ್ಲಿನ ಪ್ರಸಿದ್ಧ ಸಂಗೀತ ನಾಟಕ ಸಂಸ್ಥೆಯ ಪ್ರಯೋಗಗಳನ್ನು ನೋಡುತ್ತ ಬೆಳೆದವರು ಅವರು. ಸಫೈರಳ ಟೋಪಿ, ನಿಲುವಂಗಿ, ನಿಲ್ಲುವ ಭಂಗಿ ಎಲ್ಲದರಲ್ಲೂ ಆ ರಂಗದ ಬೆಳಕು ಬಿದ್ದಿದೆ.

ಪ್ರಶ್ನೆ: ಸಫೈರ್ ಕೊನೆಗೆ ರಾಜಕುಮಾರನನ್ನು ಮದುವೆಯಾಗುತ್ತಾಳೆ. ರಿಯೊಕೊ ಇಕೆಡಾ ಅವರ ಕಾಮಿಕ್ಸ್ ‘ಬೆರುಸೈಯು ನೊ ಬಾರಾ’ದ (ವರ್ಸೈಯ ಗುಲಾಬಿ) ನಾಯಕಿ ಆಸ್ಕರ್ ಪ್ರೀತಿಯಲ್ಲಿ ಬೀಳುತ್ತಾಳೆ, ಆಮೇಲೆ ಸಾಯುತ್ತಾಳೆ. ಹಾಗಿದ್ದ ಮೇಲೆ ಇವರನ್ನು ಕಟ್ಟುಪಾಡು ಮುರಿದವರು ಎನ್ನುವುದು ಎಷ್ಟು ಸರಿ?

ಉತ್ತರ: ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿದೆ, ಅದರಲ್ಲೂ ಸಫೈರಳ ವಿಷಯದಲ್ಲಿ. ಗಂಡಿನ ಹೃದಯವನ್ನು ಕಳೆದುಕೊಂಡ ಕೂಡಲೇ ಅವಳ ಕೈಗೆ ಕತ್ತಿ ಹಿಡಿಯುವ ಬಲವೂ ಇಲ್ಲದಂತಾಗುತ್ತದೆ. ಧೈರ್ಯವೆಂಬುದು ಗಂಡಿನ ಸೊತ್ತು, ಹೆಣ್ಣಿನಲ್ಲಿ ಅದು ಕಂಡರೆ ತಪ್ಪಿ ಬಂದದ್ದು ಎಂಬ ನಂಬಿಕೆ ಆ ಕತೆಯ ಬುಡದಲ್ಲೇ ಇದೆ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಆದರೆ ಆಸ್ಕರಳನ್ನು ಅದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ರಿಯೊಕೊ ಇಕೆಡಾ ‘ಮಾರ್ಗರೆಟ್’ ವಾರಪತ್ರಿಕೆಯಲ್ಲಿ ಈ ಕತೆಯನ್ನು 1972ರಲ್ಲಿ ಆರಂಭಿಸಿದಾಗ ಅವರಿಗೆ 24 ವರ್ಷ. ಅವರು ಹೇಳಹೊರಟದ್ದು ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ಟಳ ಕತೆಯನ್ನು. ಆಸ್ಕರ್ ಫ್ರಾಂಸ್ವಾ ದ ಜಾರ್ಜೆ ಆ ರಾಣಿಯ ಅಂಗರಕ್ಷಕ ಪಡೆಯ ಅಧಿಕಾರಿಯಾಗಿ ಪಕ್ಕದಲ್ಲಿ ನಿಲ್ಲಬೇಕಾಗಿದ್ದ ಕಲ್ಪಿತ ಪಾತ್ರ. ಗಂಡು ಸಂತಾನವಿಲ್ಲದ ಸೇನಾಧಿಪತಿಯೊಬ್ಬ ತನ್ನ ಕೊನೆಯ ಮಗಳನ್ನು ಗಂಡಾಗಿ ಬೆಳೆಸಿದ್ದರ ಫಲ ಅವಳು. ಆದರೆ ಸಂಚಿಕೆಗಳು ಮುಂದುವರಿದಂತೆ ಓದುಗರ ಒಲವು ರಾಣಿಯನ್ನು ಬಿಟ್ಟು ಅವಳ ಹಿಂದೆ ನಿಂತ ಅಧಿಕಾರಿಯ ಕಡೆಗೆ ಹರಿಯಿತು, ಕತೆಯ ನಡುಗಂಬವೇ ಬದಲಾಯಿತು. ಈ ನಾಯಕಿಯನ್ನು ನಾಯಕಿಯಾಗಿಸಿದವರಲ್ಲಿ ಆ ಓದುಗ ಹುಡುಗಿಯರ ಪಾಲೂ ದೊಡ್ಡದು ಎಂದು ನಾನು ನಂಬಿದ್ದೇನೆ.

ಎರಡು ನೃತ್ಯಕೂಟಗಳ ಪ್ರಸಂಗಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ ನೋಡಿ. ಮೊದಲನೆಯದರಲ್ಲಿ ಆಸ್ಕರ್ ತಾನು ಮನಸಾರೆ ಪ್ರೀತಿಸಿದ, ಸ್ವೀಡನ್ನಿನ ಶ್ರೀಮಂತ ಫೆರ್ಸೆನ್‌ಗಾಗಿ ಹೆಣ್ಣಿನ ಉಡುಪು ತೊಟ್ಟು, ಯಾರಿಗೂ ಗುರುತು ಹೇಳದೆ, ಅವನ ಜೊತೆ ಕುಣಿಯುತ್ತಾಳೆ. ಅವನ ಮನಸ್ಸು ರಾಣಿಯ ಮೇಲಿದೆ ಎಂಬುದನ್ನು ಬಲ್ಲ ಅವಳಿಗೆ ಅದು ವಿದಾಯದ ಕುಣಿತ. ಎರಡನೆಯದು ಅವಳ ತಂದೆ ಏರ್ಪಡಿಸಿದ ಕೂಟ. ತನ್ನ ಹಟಕ್ಕೆ ಮಗಳ ಬದುಕನ್ನು ಬಲಿಕೊಟ್ಟೆನೆಂಬ ಅಳುಕಿನಿಂದ ಅವಳಿಗೊಬ್ಬ ಗಂಡನನ್ನು ಹುಡುಕಲು ಅವನು ವರಗಳನ್ನೆಲ್ಲ ಒಂದೆಡೆ ಸೇರಿಸಿದ್ದಾನೆ. ಎಲ್ಲರ ಕಣ್ಣೂ ಅವಳಿಗಾಗಿ ಕಾಯುತ್ತಿರುವಾಗ ಆಸ್ಕರ್ ಪೂರ್ಣ ಸೈನಿಕ ಸಮವಸ್ತ್ರದಲ್ಲಿ ಬಂದು, ವರಗಳತ್ತ ತಿರುಗಿಯೂ ನೋಡದೆ, ಅಲ್ಲಿ ನೆರೆದ ಹೆಂಗಸರ ಕೈಹಿಡಿದು ಕುಣಿಯುತ್ತಾಳೆ. ಮೊದಲ ಕೂಟದಲ್ಲಿ ವೇಷವಾಗಿದ್ದದ್ದು ಹೆಣ್ಣಿನ ಉಡುಪು. ಎರಡನೆಯದರಲ್ಲಿ ಅವಳು ತೊಟ್ಟು ಬಂದದ್ದು ತನ್ನ ಸ್ವಂತ ಬಟ್ಟೆ.

ಇದಕ್ಕಿಂತಲೂ ಮುಖ್ಯವಾದ ಮಾತು ತಂದೆಯ ಎದುರು ಬರುತ್ತದೆ. ಸಾಮಾನ್ಯ ಹೆಣ್ಣಾಗಿ ಬೆಳೆದಿದ್ದರೆ ಅಕ್ಕಂದಿರ ಹಾಗೆ ತಾನೂ ಎಳೆಯ ವಯಸ್ಸಿಗೇ ಮದುವೆಯಾಗಿ ಹೋಗಬೇಕಾಗಿತ್ತೇ ಎಂದು ಕೇಳುವ ಆಸ್ಕರ್, ಹೆಣ್ಣಾಗಿ ಹುಟ್ಟಿಯೂ ಇಷ್ಟು ವಿಶಾಲವಾದ ಲೋಕದಲ್ಲಿ ಮನುಷ್ಯಳಾಗಿ ಬಾಳುವ ದಾರಿಯನ್ನು ಕೊಟ್ಟದ್ದಕ್ಕಾಗಿ ಅವನಿಗೆ ಕೃತಜ್ಞತೆ ಹೇಳುತ್ತಾಳೆ. ತಂದೆ ಹೇರಿದ್ದನ್ನು ಅವಳು ತನ್ನ ಆಯ್ಕೆಯಾಗಿ ಮಾಡಿಕೊಳ್ಳುವ ಗಳಿಗೆ ಅದು. ಆಮೇಲೆ ಅವಳು ತನ್ನ ಬಾಲ್ಯದ ಒಡನಾಡಿ ಆಂದ್ರೆಯನ್ನು ಪ್ರೀತಿಸುತ್ತಾಳೆ ನಿಜ, ಆದರೆ ಆ ಪ್ರೀತಿಗಾಗಿ ಕತ್ತಿಯನ್ನು ಕೆಳಗಿಡುವುದಿಲ್ಲ. ಅವಳು 1789ರ ಜುಲೈ 14ರಂದು ಬಾಸ್ಟಿಲ್ ಕೋಟೆಯ ಎದುರು ಗುಂಡೇಟು ತಿಂದು ಸಾಯುವುದು ಶ್ರೀಮಂತ ಕುಲದ ಪದವಿಯನ್ನು ತ್ಯಜಿಸಿ ಜನರ ಪಕ್ಷಕ್ಕೆ ಬಂದ ಸೇನಾಧಿಕಾರಿಯಾಗಿ. ಎಲ್ಲೆ ಮೀರಿದ ಹೆಣ್ಣಿಗೆ ಕತೆಗಾರ್ತಿ ವಿಧಿಸಿದ ಶಿಕ್ಷೆ ಎಂದು ಆ ಸಾವನ್ನು ಓದಲು ನನ್ನಿಂದಾಗದು.

ಪ್ರಶ್ನೆ: ಈ ಪಾತ್ರಗಳ ಅಭಿಮಾನಿಗಳಲ್ಲಿ ಬಹುಪಾಲು ಹೆಂಗಸರೇ ಏಕೆ? ಅವರು ಅಲ್ಲಿ ಗಂಡನ್ನು ಕಾಣುತ್ತಾರೋ, ಹೆಣ್ಣನ್ನೋ?

ಉತ್ತರ: ಉತ್ತರ ಹುಡುಕಲು ಮತ್ತೆ ತಕರಾಜುಕಾಗೇ ಹೋಗಬೇಕು. ಅಲ್ಲಿ ಗಂಡಿನ ಪಾತ್ರ ಮಾಡುವ ನಟಿಯರನ್ನು ‘ಒತೊಕೊಯಾಕು’ ಎಂದೂ ಹೆಣ್ಣಿನ ಪಾತ್ರ ಮಾಡುವವರನ್ನು ‘ಮುಸುಮೆಯಾಕು’ ಎಂದೂ ಕರೆಯುತ್ತಾರೆ. ಹೆಚ್ಚಿನ ಅಭಿಮಾನ ಹರಿಯುವುದು ಒತೊಕೊಯಾಕುಗಳ ಕಡೆಗೇ. 1974ರಲ್ಲಿ ಅಲ್ಲಿನ ‘ಚಂದ್ರ’ ತಂಡ ‘ಬೆರುಸೈಯು ನೊ ಬಾರಾ’ವನ್ನು ಮೊದಲ ಬಾರಿಗೆ ರಂಗಕ್ಕೆ ತಂದಾಗ, ಗಂಡಾಗಿ ನಟಿಸುವುದರಲ್ಲಿ ನುರಿತ ನಟಿಯೇ ಗಂಡುಡುಗೆಯಲ್ಲಿ ಬದುಕುವ ಹೆಣ್ಣಾಗಿ ನಿಂತಳು. ಎಷ್ಟು ಪದರಗಳಿವೆ ನೋಡಿ! ಕತೆಗೆ ‘ಬೆರುಬಾರಾ’ ಎಂಬ ಮುದ್ದಿನ ಕಿರುಹೆಸರು ಮನೆಮಾತಾದದ್ದೂ ಆ ಕಾಲದಲ್ಲೇ.

ನಾಟಕಶಾಲೆಯ ಹೊರಗೆ ಅಭಿಮಾನಿಗಳು ಕಾಯುತ್ತಿದ್ದ ರೀತಿಯನ್ನೂ ಇಲ್ಲಿ ಹೇಳಬೇಕು. ತಮ್ಮ ಮೆಚ್ಚಿನ ತಾರೆ ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ ಅವರು ಶಿಸ್ತಾಗಿ ಸಾಲುಗಟ್ಟಿರುತ್ತಿದ್ದರು. ನೂಕುನುಗ್ಗಲಿಲ್ಲ, ಕೂಗಾಟವಿಲ್ಲ. ಕೈಯಲ್ಲಿ ತಾವೇ ಬರೆದ ಕಾಗದ. ತಾರೆ ಆ ಕಾಗದಗಳನ್ನು ಒಂದೊಂದಾಗಿ ಪಡೆದು ಮುಂದೆ ಸಾಗುತ್ತಿದ್ದಳು. ಇದನ್ನು ಗಂಡಿಗಾಗಿ ಹಂಬಲಿಸುವವರ ಬದಲಿ ಏರ್ಪಾಡು ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎದುರಿಗಿರುವವಳು ಹೆಣ್ಣು ಎಂಬುದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತು, ಗೊತ್ತಿರುವುದರಿಂದಲೇ ಆ ಸೆಳೆತ. ಕೆಲವರಿಗೆ ಅದು ತಾನೂ ಹಾಗಿರಬೇಕೆಂಬ ಆಸೆ, ಕೆಲವರಿಗೆ ಪ್ರೇಮ, ಬಹಳ ಮಂದಿಗೆ ಎರಡೂ ಬೆರೆತದ್ದು. ಇಕೆಡಾ ಅವರ ಕತೆಯಲ್ಲೇ ರೊಸಾಲಿ ಎಂಬ ಬಡ ಹುಡುಗಿ, ಆಸ್ಕರ್ ಹೆಣ್ಣೆಂದು ತಿಳಿದಿದ್ದೂ ಅವಳನ್ನು ಮನಸ್ಸಿನಲ್ಲಿಟ್ಟು ಪೂಜಿಸುತ್ತಾಳೆ. ಅಭಿಮಾನಿಗಳು ತಮ್ಮನ್ನು ಗುರುತಿಸಿಕೊಂಡದ್ದು ರೊಸಾಲಿಯಲ್ಲಿಯೂ ಇರಬೇಕು.

ಪ್ರಶ್ನೆ: ಇಂದಿನ ಮಾತಿನಲ್ಲಿ ಹೇಳುವುದಾದರೆ ಆಸ್ಕರ್ ಟ್ರಾನ್ಸ್‌ಜೆಂಡರ್ ಪಾತ್ರವೇ?

ಉತ್ತರ: ಆ ಹೆಸರನ್ನು ಆತುರದಿಂದ ಅಂಟಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಆಸ್ಕರ್ ತಾನು ಹೆಣ್ಣು ಎಂಬುದನ್ನು ಮರೆಮಾಚುವುದಿಲ್ಲ, ಅರಮನೆಗೂ ಅದು ತಿಳಿದ ಸಂಗತಿ. ಅವಳಲ್ಲಿ ತಮ್ಮನ್ನು ಕಂಡುಕೊಂಡ ಟ್ರಾನ್ಸ್ ಓದುಗರ ಅನುಭವ ಇದರಿಂದ ಸುಳ್ಳಾಗುವುದಿಲ್ಲ, ಅದು ಅವರ ಓದಿನ ಹಕ್ಕು. ಆದರೆ ಇಕೆಡಾ ಅವರೇ 1978ರಲ್ಲಿ ‘ಕ್ಲೋದೀನ್’ ಎಂಬ ಇನ್ನೊಂದು ಕತೆ ಬರೆದರು. ಅದರ ಮುಖ್ಯ ಪಾತ್ರ ಹೆಣ್ಣಿನ ದೇಹದಲ್ಲಿ ಹುಟ್ಟಿ ತಾನು ಗಂಡೆಂದೇ ತಿಳಿದು ಬಾಳುವವನು. ಕತೆಯನ್ನು ಹೇಳುವ ಮನೋವೈದ್ಯ ಅವನನ್ನು ರೋಗಿಯೆಂದು ಕಡೆಗಣಿಸದೆ, ಅವನು ನಿಜವಾಗಿಯೂ ಗಂಡೇ ಆಗಿದ್ದನೆಂಬ ತೀರ್ಮಾನಕ್ಕೆ ಬರುತ್ತಾನೆ. ಆ ಬದುಕಿನ ಅಂತ್ಯ ದಾರುಣ, ಮನಸ್ಸು ಗಟ್ಟಿಮಾಡಿಕೊಂಡು ಓದಬೇಕು. ಎರಡು ಬೇರೆ ಬಗೆಯ ಜೀವಗಳಿಗೆ ಇಕೆಡಾ ಎರಡು ಬೇರೆ ಕತೆಗಳನ್ನು ಬರೆದಿರುವಾಗ ನಾವು ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ಈ ಪಾತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನನಗೆದುರಾಗುವ ತೊಡಕೂ ಇದೇ. ಜಪಾನಿ ಭಾಷೆಯ ಕ್ರಿಯಾಪದದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ನಮ್ಮಲ್ಲಿ ‘ಬಂದನು’ ಎಂದೋ ‘ಬಂದಳು’ ಎಂದೋ ಬರೆಯದೆ ವಾಕ್ಯ ಮುಗಿಯುವುದಿಲ್ಲ. ‘ಬಂದರು’ ಎಂಬ ಗೌರವದ ರೂಪದಲ್ಲಿ ಆ ಭೇದ ಮರೆಯಾಗುತ್ತದೆ, ಆದರೆ ಹದಿನಾಲ್ಕರ ಹರೆಯದ ಆಸ್ಕರಳನ್ನು ಅಷ್ಟು ದೂರ ನಿಲ್ಲಿಸಿ ಮಾತಾಡಲು ಮನಸ್ಸಾಗುವುದಿಲ್ಲ. ಹಾಗಾಗಿ ಆಸ್ಕರ್‌ಗೆ ‘ಅವಳು’ ಎಂದೂ ಕ್ಲೋದೀನ್‌ಗೆ ‘ಅವನು’ ಎಂದೂ, ಅವರವರು ತಮ್ಮನ್ನು ತಿಳಿದಿರುವಂತೆಯೇ ಬರೆದಿದ್ದೇನೆ.