ಕೆರೆ ಪಕ್ಕದ ಬೋರ್ ನೀರು ಮತ್ತು ಒಂದು ಬಾಟ್ಲಿಯ ರಿಪೋರ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಳ್ಳಂದೂರು, ವರ್ತೂರು ಕಡೆಯಿಂದ ಮತ್ತೆ ಕೋಲಾರದಿಂದ ಬಂದಿವೆ. ಎರಡೂ ಕಡೆ ಹರೀತಿರೋದು ಬೆಂಗಳೂರು ಬಳಸಿ ಬಿಟ್ಟ ನೀರೇ ಆಗಿರೋದ್ರಿಂದ ಒಟ್ಟಿಗೇ ತಗೊಂಡಿದೀನಿ, ಉತ್ತರ ಉದ್ದ ಆಗಿದ್ರೆ ಸಹಿಸ್ಕೊಳ್ಳಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟು ವರ್ತೂರು ಕೆರೆಗೆ ತೀರಾ ಹತ್ತಿರ, ಬೋರ್ 1100 ಅಡಿ. ಲ್ಯಾಬ್ ರಿಪೋರ್ಟಲ್ಲಿ ನೈಟ್ರೇಟ್ ಬರೀ 4, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಾಂಶ) 900, ಕೆಳಗಡೆ ‘ಕುಡಿಯಲು ಯೋಗ್ಯ’ ಅಂತ ಸೀಲ್ ಇದೆ. ಆದ್ರೆ ಬಕೆಟ್ಟಲ್ಲಿ ಹಿಡಿದಿಟ್ರೆ ಸಂಜೆ ಹೊತ್ತಿಗೆ ಕೆಂಪಗಾಗುತ್ತೆ, ವಾಸನೆ ಬೇರೆ. ಕುಡೀಬಹುದಾ? (ವರ್ತೂರಿಂದ ಒಬ್ಬ ಓದುಗರು)

ಉತ್ತರ: ಸದ್ಯಕ್ಕೆ ಕುಡೀಬೇಡಿ. ಅಡುಗೆಗೂ ಬೇಡ, ಇನ್ನೊಂದು ಟೆಸ್ಟ್ ಆಗೋ ತನಕ.

ನೈಟ್ರೇಟ್ ಕಮ್ಮಿ ಇದೆ ಅಂತ ನೆಮ್ಮದಿ ಆಗೋದು ಸಹಜ, ಯಾಕಂದ್ರೆ ಕುಡಿಯೋ ನೀರಿನ ಮಿತಿ ಲೀಟರಿಗೆ 45 ಮಿಲಿಗ್ರಾಂ, ನಿಮ್ಮದು 4. ಆದ್ರೆ ಕೊಳಚೆ ತುಂಬಿದ ಜೌಗು ಜಾಗದ ಪಕ್ಕ ಈ ಲೆಕ್ಕ ಉಲ್ಟಾ ಹೊಡೆಯುತ್ತೆ. ಕೊಳಚೆಯಲ್ಲಿ ಸಾರಜನಕ ಇರೋದು ಮುಖ್ಯವಾಗಿ ಅಮೋನಿಯಾ ರೂಪದಲ್ಲಿ, ಆಮ್ಲಜನಕ ಸಿಕ್ರೆ ಮಾತ್ರ ಅದು ನೈಟ್ರೇಟ್ ಆಗುತ್ತೆ, ಕೆರೆ ತಳದ ಕಪ್ಪು ಹೂಳಲ್ಲಿ ಆಮ್ಲಜನಕಾನೇ ಇಲ್ಲ. ಅಲ್ಲಿರೋ ಬ್ಯಾಕ್ಟೀರಿಯಾಗಳು ಇದ್ದ ನೈಟ್ರೇಟನ್ನೂ ಮೊದಲು ಖಾಲಿ ಮಾಡಿ ಅನಿಲ ಮಾಡಿ ಬಿಟ್ಟುಬಿಡ್ತವೆ, ಅದಾದ ಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಕೊನೆಗೆ ಸಲ್ಫೇಟ್ ಕಡೆ ತಿರುಗ್ತವೆ. ಹಾಗಾದಾಗ ಮಣ್ಣಲ್ಲಿ ಗಟ್ಟಿಯಾಗಿ ಕೂತಿದ್ದ ಕಬ್ಬಿಣ ಕರಗಿ ನೀರಿಗೆ ಬರುತ್ತೆ, ಪಂಪಿಂದ ಹೊರಗೆ ಬಂದು ಗಾಳಿ ತಾಕಿದ ಮೇಲೆ ಕೆಂಪಗಾಗಿ ತಳಕ್ಕೆ ಕೂರುತ್ತೆ. ಸಲ್ಫೇಟ್ ಹೋಗಿ ಹೈಡ್ರೋಜನ್ ಸಲ್ಫೈಡ್ ಆದ್ರೆ ಕೊಳೆತ ಮೊಟ್ಟೆ ವಾಸನೆ. ನಿಮ್ಮ ಪತ್ರದಲ್ಲಿರೋ ಎರಡೂ ಲಕ್ಷಣ ಇದಕ್ಕೆ ಹೊಂದುತ್ತವೆ. ಅಂದ್ರೆ ಆ 4 ಅನ್ನೋ ನಂಬರು ಕೊಳಚೆ ಬಂದೇ ಇಲ್ಲ ಅಂತ ಹೇಳ್ತಿಲ್ಲ, ಆಮ್ಲಜನಕ ಇಲ್ಲದ ದಾರೀಲಿ ಬಂದಿರಬಹುದು ಅಂತ ಹೇಳ್ತಿರಬಹುದು. ಬೋರಿನ ಮೇಲ್ಭಾಗಕ್ಕೆ ಇಳಿಸಿರೋ ಹಳೇ ಕೇಸಿಂಗ್ ಪೈಪ್ ತುಕ್ಕು ಹಿಡಿದ್ರೂ ನೀರು ಕೆಂಪಗಾಗುತ್ತೆ, ಅದೂ ಸಾಧ್ಯ, ಅದಕ್ಕೇ ಇನ್ನೊಂದು ಟೆಸ್ಟ್ ಬೇಕು.

ಅಮೋನಿಯಾ, ಕಬ್ಬಿಣ, ಮ್ಯಾಂಗನೀಸ್, ಕ್ಲೋರೈಡ್, ಇ. ಕೋಲಿ (ಮಲದಿಂದ ಬರೋ ಬ್ಯಾಕ್ಟೀರಿಯಾ), ಈ ಐದನ್ನ ಬರೆದುಕೊಟ್ಟು ಮಾಡಿಸಿ. ಅಮೋನಿಯಾಗೆ ಮಿತಿ 0.5 ಮಿಲಿಗ್ರಾಂ, ಇ. ಕೋಲಿ 100 ಮಿಲಿ ನೀರಲ್ಲಿ ಒಂದೂ ಸಿಗಬಾರದು. ಕ್ಲೋರೈಡ್ ಯಾಕೆ ಅಂದ್ರೆ ಅದನ್ನ ಬ್ಯಾಕ್ಟೀರಿಯಾನೂ ತಿನ್ನಲ್ಲ ಕಲ್ಲೂ ಹಿಡ್ಕೊಳ್ಳಲ್ಲ, ನೀರು ಹೋದ ಕಡೆಗೆಲ್ಲ ಹೋಗುತ್ತೆ. ಕೆರೆಯಿಂದ ದೂರ, ಎತ್ತರದಲ್ಲಿರೋ ಇನ್ನೊಂದು ಬೋರಿನ ಕ್ಲೋರೈಡ್ ಜೊತೆ ನಿಮ್ಮದನ್ನ ಹೋಲಿಸಿ ನೋಡಿ, ನಿಮ್ಮದು ಬಹಳ ಜಾಸ್ತಿ ಇದ್ರೆ ಕೆರೆ ನೀರು ಬರ್ತಿದೆ ಅನ್ನೋ ಅನುಮಾನಕ್ಕೆ ಬಲ ಬರುತ್ತೆ.

1100 ಅಡಿ ಆಳ ಅನ್ನೋದು ರಕ್ಷಣೆ ಅಲ್ಲ. ನಮ್ಮ ಕಡೆ ಮೇಲೆ ಒಂದಷ್ಟು ಆಳ ಸಡಿಲವಾದ ಶಿಥಿಲ ಶಿಲೆ, ಅದರ ಕೆಳಗೆ ಗಟ್ಟಿ ಕಲ್ಲು, ಆ ಕಲ್ಲಲ್ಲಿ ಬಿರುಕುಗಳು. ಕೇಸಿಂಗ್ ಇಳಿಸೋದು ಗಟ್ಟಿ ಕಲ್ಲು ಸಿಗೋ ತನಕ ಮಾತ್ರ, ಅದರ ಸುತ್ತ ಸಿಮೆಂಟ್ ತುಂಬದೇ ಹಾಗೇ ಬಿಟ್ಟಿದ್ರೆ ಮೇಲಿನ ಕೊಳೆ ನೀರು ಪೈಪಿನ ಹೊರಗಡೆಯಿಂದಾನೇ ಇಳಿದು ಬೋರಿಗೆ ಸೇರುತ್ತೆ. ಕುದಿಸಿದ್ರೆ ರೋಗಾಣು ಸಾಯುತ್ತೆ, ಆದ್ರೆ ಲೋಹ, ನೈಟ್ರೇಟ್ ಹೋಗಲ್ಲ. ಇನ್ನು ಆ ಸೀಲು, ಇ. ಕೋಲಿ ನೋಡದೇನೇ ‘ಕುಡಿಯಲು ಯೋಗ್ಯ’ ಅಂತ ಯಾವ ಲ್ಯಾಬೂ ಬರೆದುಕೊಡಬಾರದು, ಇದು ಜನರ ಆರೋಗ್ಯದ ವಿಷಯ, ಆ ಲ್ಯಾಬಿನವರನ್ನ ಕೂತು ಕೇಳಿ.

ಪ್ರಶ್ನೆ: ಹೂಳೆತ್ತಿದ ಮೇಲೆ ನೊರೆ ಕಮ್ಮಿ ಆಗಿದೆ, ಹಾಗಾದ್ರೆ ನೀರು ಸುಧಾರಿಸಿದೆ ಅಂತಲ್ವಾ? (ಬೆಳ್ಳಂದೂರು)

ಉತ್ತರ: ನೊರೆ ಕಮ್ಮಿ ಆಗಿದ್ರೆ ಖುಷೀನೇ, 2015ರಲ್ಲಿ ನೊರೆಗೇ ಬೆಂಕಿ ಹತ್ತಿದ್ದು, 2018ರ ಜನವರಿಯಲ್ಲಿ ಕೆರೆ ಬೆಂಕಿ ಆರಿಸೋಕೆ ಸೈನಿಕರು ಬಂದಿದ್ದು ನೋಡಿದವರಿಗೆ ಅದರ ಬೆಲೆ ಗೊತ್ತು. ಆದ್ರೆ ನೊರೆಯಿಂದ ನೀರಿನ ಗುಣ ಅಳೆಯೋಕಾಗಲ್ಲ. ನೊರೆ ಮಾಡೋದು ಡಿಟರ್ಜೆಂಟಿನ ಸರ್ಫ್ಯಾಕ್ಟಂಟು. ಅದರಲ್ಲಿ ಒಂದು ಭಾಗ ಹೂಳಿಗೆ ಅಂಟಿಕೊಂಡು ತಳದಲ್ಲಿ ಕೂತಿರುತ್ತೆ, ಜೋರು ಮಳೆ ಬಂದು ಹೂಳು ಕದಡಿದಾಗ ಮತ್ತೆ ನೀರಿಗೆ ಬರುತ್ತೆ, ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ಗುಡ್ಡೆ ಗುಡ್ಡೆ ನೊರೆ ಆಗುತ್ತೆ, ಬೇಸಿಗೇಲಿ ಸುಮ್ಮನಿದ್ದ ಕೋಡಿ ಮಳೆಗೆ ಎದ್ದು ಕೂರೋದು ಇದಕ್ಕೇ. ನೊರೆ ಇಲ್ಲದ ದಿನವೂ ಅದೇ ನೀರಲ್ಲಿ ಅಮೋನಿಯಾ, ರೋಗಾಣು ಎಲ್ಲ ಇರಬಹುದು.

ಪ್ರಶ್ನೆ: ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬಂದ ಮೇಲೆ ನಮ್ಮ ಬಾವಿ, ಬೋರಿಗೆಲ್ಲ ನೀರು ಬಂದಿದೆ. ಕೆರೆ ನೀರೇ ಬಾವಿಗೆ ಬರ್ತಿದೆಯೋ ಅಥವಾ ಮಳೆದೋ ಅಂತ ಪತ್ತೆ ಮಾಡೋದು ಹೇಗೆ? (ಕೋಲಾರ, ನರಸಾಪುರ ಕಡೆಯ ಪದವಿ ವಿದ್ಯಾರ್ಥಿ)

ಉತ್ತರ: ಬಹಳ ಒಳ್ಳೇ ಪ್ರಶ್ನೆ, ನಿನ್ನ ಕಾಲೇಜಲ್ಲೇ ಪ್ರಾಜೆಕ್ಟ್ ಮಾಡುವಷ್ಟು ಒಳ್ಳೇದು. 2018ರ ಜೂನಲ್ಲಿ ಶುರುವಾದ ಯೋಜನೆ ಇದು, ದಿನಕ್ಕೆ 440 ದಶಲಕ್ಷ ಲೀಟರ್ ತನಕ ಎರಡನೇ ಹಂತದ ಶುದ್ಧೀಕರಣ ಆದ ಬೆಂಗಳೂರಿನ ಕೊಳಚೆ ನೀರನ್ನ ಕೋಲಾರದ ಕೆರೆಗಳಿಗೆ ಹರಿಸೋದು. ಶುರುವಾಗಿ ಕೆಲವೇ ವಾರಕ್ಕೆ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಬಂದು ವಿಷಯ ಕೋರ್ಟಿಗೂ ಹೋಯ್ತು. ಒಣಗಿ ಹೋಗಿದ್ದ ಜಿಲ್ಲೆಗೆ ನೀರು ಬಂದಿದ್ದು ಸಣ್ಣ ವಿಷಯ ಅಲ್ಲ, ಆದ್ರೆ ಅದರ ಗುಣಮಟ್ಟ ಕೇಳಿದವರನ್ನ ನೀರಿನ ವಿರೋಧಿಗಳು ಅನ್ನೋದು ನನಗೆ ಸರಿ ಕಾಣಲ್ಲ.

ಈಗ ಪತ್ತೆ ವಿಷಯ. ಮೊದಲು ಬಾಟ್ಲಿ ಬಿಡು, ಟೇಪ್ ಹಿಡಿ. ಕೆರೆ ನೀರಿನ ಮಟ್ಟ, ಸುತ್ತಲ ಬಾವಿಗಳ ನೀರಿನ ಮಟ್ಟ, ಎರಡನ್ನೂ ಒಂದೇ ದಿನ ಅಳೀಬೇಕು. ನೆಲದಿಂದ ಎಷ್ಟು ಅಡಿ ಕೆಳಗೆ ಅಂತ ಬರೆದ್ರೆ ಸಾಲದು, ನೆಲಾನೇ ಏರುಪೇರು ಇರುತ್ತಲ್ಲ, ಹಾಗಾಗಿ ಸರ್ವೆ ಲೆವೆಲ್ ಇಟ್ಟು ಎಲ್ಲಾ ಬಾವಿಯ ಬಾಯಿ ಎತ್ತರಾನ ಒಂದೇ ಗುರುತಿಗೆ ತರಬೇಕು. ಕೆರೆ ಮಟ್ಟ ಬಾವಿ ಮಟ್ಟಕ್ಕಿಂತ ಮೇಲಿದ್ರೆ ಕೆರೆಯಿಂದ ಬಾವಿ ಕಡೆಗೆ ಒತ್ತಡ, ಬಾವಿದು ಮೇಲಿದ್ರೆ ಅಂತರ್ಜಲಾನೇ ಕೆರೆಗೆ ಬರ್ತಿದೆ. ಇದು ವರ್ಷವಿಡೀ ಒಂದೇ ಥರ ಇರಲ್ಲ, ಮೇನಲ್ಲಿ ಒಂದು ಕಡೆ ಹರಿದದ್ದು ನವೆಂಬರಲ್ಲಿ ತಿರುಗಬಹುದು, ಅದಕ್ಕೇ ಮುಂಗಾರಿಗೆ ಮುಂಚೆ ಒಂದು, ಹಿಂಗಾರು ಮುಗಿದ ಮೇಲೆ ಒಂದು ಅಳತೆ ಕನಿಷ್ಠ ಬೇಕೇ ಬೇಕು. ಸಾಧ್ಯ ಆದ್ರೆ ಒಂದೇ ಜಾಗದಲ್ಲಿ ಬೇರೆ ಬೇರೆ ಆಳಕ್ಕೆ ಎರಡು ಮೂರು ಸಣ್ಣ ವೀಕ್ಷಣಾ ಕೊಳವೆ ಇಳಿಸಬೇಕು, ಆಗ ನೀರು ಕೆಳಗೆ ಇಳೀತಿದೆಯೋ ಮೇಲೆ ಏರ್ತಿದೆಯೋ ಅನ್ನೋದೂ ಗೊತ್ತಾಗುತ್ತೆ.

ದಿಕ್ಕು ಗೊತ್ತಾದ ಮೇಲೆ ನೀರಿನ ಗುರುತು. ಕೆರೆ, ಹತ್ತಿರದ ಬಾವಿ, ಸ್ವಲ್ಪ ದೂರದ್ದು, ಇನ್ನೂ ದೂರದ್ದು, ಹೀಗೆ ಒಂದು ಗೆರೆಯಲ್ಲಿ ಕ್ಲೋರೈಡ್ ಮತ್ತು ವಿದ್ಯುತ್ ವಾಹಕತೆ (ನೀರಲ್ಲಿ ಲವಣ ಎಷ್ಟು ಕರಗಿದೆ ಅಂತ ತೋರಿಸೋ ಅಳತೆ) ನೋಡ್ತಾ ಹೋಗು. ಮಳೆ ನೀರಲ್ಲಿ ಕ್ಲೋರೈಡ್ ತೀರಾ ಕಮ್ಮಿ, ಕೊಳಚೆ ಮೂಲದ ನೀರಲ್ಲಿ ಜಾಸ್ತಿ, ಹಾಗಾಗಿ ಬೆರಕೆ ಎಲ್ಲಿ ತನಕ ಹೋಗಿದೆ ಅನ್ನೋ ಅಂದಾಜು ಸಿಗುತ್ತೆ. ಕಾಲುವೆ ತಳದಲ್ಲಿ ಉಷ್ಣತೆ ಅಳೆಯೋ ಸಣ್ಣ ಸೆನ್ಸರ್ ಹೂತಿಟ್ರೂ ಆಗುತ್ತೆ, ಮೇಲಿನ ನೀರು ಹಗಲು ಬಿಸಿ ರಾತ್ರಿ ತಣ್ಣಗೆ, ಅಂತರ್ಜಲ ಹೆಚ್ಚುಕಮ್ಮಿ ಒಂದೇ ಥರ, ತಳದಲ್ಲಿ ಯಾವುದರ ಛಾಯೆ ಕಾಣುತ್ತೋ ಅದೇ ಅಲ್ಲಿ ಹರೀತಿರೋದು. ಕೋಲಾರದಲ್ಲಿ ಇನ್ನೊಂದು ವಿಷಯ ಜೊತೆಗೇ ನೋಡಬೇಕು: ಆಳದ ಬೋರುಗಳಲ್ಲಿ ಫ್ಲೋರೈಡ್ ತೊಂದರೆ ಹಳೇದು, ಕೆರೆ ತುಂಬಿ ಇಂಗಿದ್ರೆ ಫ್ಲೋರೈಡ್ ತೆಳುವಾಗಿ ನೈಟ್ರೇಟ್ ಏರೋ ಸಾಧ್ಯತೆ ಇದೆ, ಒಂದನ್ನ ಮಾತ್ರ ಅಳೆದವನಿಗೆ ಒಳ್ಳೇ ಸುದ್ದಿ ಸಿಗುತ್ತೆ, ಇನ್ನೊಂದನ್ನ ಮಾತ್ರ ಅಳೆದವನಿಗೆ ಕೆಟ್ಟ ಸುದ್ದಿ.

ಪ್ರಶ್ನೆ: ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿಯಲ್ಲಿ ಕೆರೆಗಳಿಗೆ ‘ಡಿ’ ‘ಇ’ ಅಂತ ಕೊಡ್ತಾರಲ್ಲ, ಇ ಬಂದ್ರೆ ಸೊಪ್ಪು ತರಕಾರಿಗೆ ಬಳಸಬಹುದು ಅಂತ ಅರ್ಥನಾ? (ಹೊಸಕೋಟೆ)

ಉತ್ತರ: ಇಲ್ಲ, ಹಾಗೆ ತಗೋಬೇಡಿ. ಡಿ ಅಂದ್ರೆ ಮೀನು, ವನ್ಯಜೀವಿಗೆ ಆಗುತ್ತೆ ಅಂತ, ಅದಕ್ಕೆ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು. ಇ ಅಂದ್ರೆ ನೀರಾವರಿಗೆ ಅಂತ ಹೆಸರೇನೋ ಇದೆ, ಆದ್ರೆ ಅದರಲ್ಲಿ ನೋಡೋದು ಪಿ.ಎಚ್., ವಾಹಕತೆ, ಸೋಡಿಯಂ ಪ್ರಮಾಣ, ಬೋರಾನ್, ಇಷ್ಟೇ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಅದರಲ್ಲಿ ಇಲ್ಲ, ರೋಗಾಣೂ ಇಲ್ಲ. ಹಸಿಯಾಗಿ ತಿನ್ನೋ ಕೊತ್ತಂಬರಿಗೆ ನೀರು ಬಿಡೋ ರೈತನಿಗೆ ಬೇಕಾದ ಮಾಹಿತೀನೇ ಅದರಲ್ಲಿಲ್ಲ.

ಸ್ಯಾಂಪಲ್ ತಗೊಳ್ಳೋ ಹೊತ್ತೂ ಮುಖ್ಯ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಬಿಸಿಲಿಗೆ ಆಮ್ಲಜನಕ ಏರುತ್ತೆ, ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಬೆಳಗಿನ ಜಾವಕ್ಕೆ ತಳ ಕಾಣುತ್ತೆ, ಮೀನು ಸಾಯೋದು ಸಾಮಾನ್ಯವಾಗಿ ಆಗಲೇ. ಮಧ್ಯಾಹ್ನ 12ಕ್ಕೆ ಜೀಪಲ್ಲಿ ಬಂದು ತುಂಬಿಕೊಂಡು ಹೋದ ಬಾಟ್ಲಿಗೆ ಬೆಳಗಿನ 5 ಗಂಟೆಯ ಕೆರೆ ಗೊತ್ತೇ ಇಲ್ಲ. ಕೊಳಚೆ ಹರಿಯೋ ರಾಜಕಾಲುವೆಯಲ್ಲಂತೂ 24 ಗಂಟೆ, ಗಂಟೆಗಿಷ್ಟು ಅಂತ ತೆಗೆದು ಬೆರೆಸಿ ಟೆಸ್ಟ್ ಮಾಡಬೇಕು, ಜೊತೆಗೆ ಹರಿವನ್ನೂ ಅಳೀಬೇಕು. ಮಳೆಗಾಲದಲ್ಲಿ ಸಾಂದ್ರತೆ ಅರ್ಧಕ್ಕೆ ಇಳಿದು ಹರಿವು ಹತ್ತು ಪಟ್ಟು ಆದ್ರೆ ಕೆಳಗಿನವರಿಗೆ ಹೋದ ಒಟ್ಟು ಕೊಳೆ ಐದು ಪಟ್ಟು, ಬರೀ ಸಾಂದ್ರತೆ ನೋಡಿದವರು ಮಾತ್ರ ಸುಧಾರಿಸಿದೆ ಅಂತ ಬರೀತಾರೆ. ವರ್ತೂರು ಕೋಡಿ ದಾಟಿದ ನೀರು ದಕ್ಷಿಣ ಪಿನಾಕಿನಿಗೆ ಸೇರಿ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಹೋಗುತ್ತೆ, ಅಲ್ಲೂ ನೊರೆ ಬರುತ್ತೆ, ಆ ಜನರಿಗೂ ನಾವು ಉತ್ತರ ಕೊಡಬೇಕಲ್ಲ.

ಪ್ರಶ್ನೆ: ಜೊಂಡು ಬೆಳೆದ ಜೌಗು ಪ್ರದೇಶ ತಾನಾಗೇ ನೀರು ಶುದ್ಧ ಮಾಡುತ್ತೆ ಅಂತಾರೆ, ಹಾಗಿದ್ರೆ ಅಂತರ್ಜಲಕ್ಕೂ ಅದೇ ಸಾಕಾ? (ಮೈಸೂರು)

ಉತ್ತರ: ಸ್ವಲ್ಪ ಮಟ್ಟಿಗೆ ನಿಜ, ಯಾವ ವಿಷ ಅನ್ನೋದರ ಮೇಲೆ ಹೋಗುತ್ತೆ. ಅಮೆರಿಕದ ಮೇರಿಲ್ಯಾಂಡಲ್ಲಿ ಅಬರ್ಡೀನ್ ಅನ್ನೋ ಸೇನಾ ಪ್ರದೇಶದೊಳಗೆ ಕೆನಾಲ್ ಕ್ರೀಕ್ ಅಂತ ಒಂದು ಹಳ್ಳ ಇದೆ, ಮೊದಲ ಮಹಾಯುದ್ಧದ ಕಾಲದಿಂದ ಅಲ್ಲಿ ರಾಸಾಯನಿಕ ಅಸ್ತ್ರ ತಯಾರಿಸ್ತಿದ್ರು, ಕ್ಲೋರಿನ್ ಇರೋ ದ್ರಾವಕಗಳು ಅಂತರ್ಜಲಕ್ಕೆ ಇಳಿದವು. ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯವರು ಹಳ್ಳದ ತಳದ ಕೆಸರಲ್ಲೇ ಪೊರೆ ಕಟ್ಟಿದ, ನೀರು ಹಿಡಿಯೋ ಸಣ್ಣ ಸಣ್ಣ ಡಬ್ಬಿಗಳನ್ನ ಹೂತಿಟ್ಟು, ಇಂಚಿಂಚಿನ ಆಳದ ನೀರು ಹಿಡಿದು ನೋಡಿದ್ರು. ಅಂತರ್ಜಲ ಆ ತೆಳು ಕೆಸರಿನ ಪದರದ ಮೂಲಕ ಮೇಲೆ ಏರುವಾಗ ಬ್ಯಾಕ್ಟೀರಿಯಾ ಹೆಚ್ಚಿನ ದ್ರಾವಕ ಒಡೆದು ಹಾಕ್ತಿದ್ವು. ಆದ್ರೆ ಒಡೆಯೋ ದಾರೀಲಿ ವಿನೈಲ್ ಕ್ಲೋರೈಡ್ ಅನ್ನೋ, ಕ್ಯಾನ್ಸರ್ ತರೋ ವಸ್ತುವೂ ಹುಟ್ಟುತ್ತೆ. ಬರೀ ಮೂಲ ದ್ರಾವಕ ಕಮ್ಮಿ ಆಯ್ತು ಅಂತ ಅಳತೆ ನಿಲ್ಲಿಸಿದ್ರೆ ಅದು ಕಣ್ಣಿಗೇ ಬೀಳ್ತಿರಲಿಲ್ಲ. ಲೋಹಗಳ ಕಥೆ ಬೇರೆ, ಅವು ಒಡೆಯಲ್ಲ, ಹೂಳಲ್ಲಿ ಕೂರ್ತವೆ ಅಷ್ಟೇ. ಕೆರೆಯಿಂದ ತೆಗೆದ ಹೂಳನ್ನ ಯಾರದೋ ಹೊಲಕ್ಕೆ ಹಾಕೋ ಮುಂಚೆ ಟೆಸ್ಟ್ ಆಗಲೇಬೇಕು ಅಂತ ನಾನು ಹಠ ಹಿಡಿಯೋದು ಅದಕ್ಕೇ.

ಪ್ರಶ್ನೆ: ನಮ್ಮ ಬಡಾವಣೆಯವರೇ ಸೇರಿ ಸ್ಯಾಂಪಲ್ ತೆಗೆದು ಕಳಿಸಬೇಕು ಅಂತಿದೀವಿ. ಏನೇನು ಹುಷಾರು? (ಬೆಳ್ಳಂದೂರು, ನಿವಾಸಿಗಳ ಸಂಘ)

ಉತ್ತರ: ಖಂಡಿತ ಮಾಡಿ. ಬಳಸದೇ ಬಿಟ್ಟ ಬೋರಾದ್ರೆ ನಿಂತ ನೀರು ಹೊರಗೆ ಹಾಕದೇ ತುಂಬಬೇಡಿ. ಆರೂವರೆ ಇಂಚಿನ ಬೋರಲ್ಲಿ 100 ಮೀಟರ್ ನೀರು ನಿಂತಿದ್ರೆ ಅದೇ 2100 ಲೀಟರ್ ದಾಟುತ್ತೆ, ಅದರ ಮೂರರಷ್ಟು ಹೋಗಬೇಕು, ಅಥವಾ ಉಷ್ಣತೆ, ಪಿ.ಎಚ್., ವಾಹಕತೆ ಮೂರೂ ಸ್ಥಿರ ಆಗೋ ತನಕ ಪಂಪ್ ಓಡಬೇಕು. ಈ ಮೂರನ್ನೂ ಅಲ್ಲೇ ನಿಂತು ಅಳೆದು ಬರೀರಿ, ಲ್ಯಾಬಿಗೆ ಹೋಗೋಷ್ಟರಲ್ಲಿ ಬದಲಾಗಿರ್ತವೆ. ಲೋಹಕ್ಕೆ ಬೇರೆ ಬಾಟ್ಲಿ, ಸೋಸಿ ನೈಟ್ರಿಕ್ ಆಮ್ಲ ಹಾಕಿದ್ದು, ಇದನ್ನ ಲ್ಯಾಬಿನವರ ಕೈಲೇ ಮಾಡಿಸಿ. ಬ್ಯಾಕ್ಟೀರಿಯಾಗೆ ಸ್ಟೆರೈಲ್ ಬಾಟ್ಲಿ, ಐಸ್ ಪೆಟ್ಟಿಗೆ, ಅದೇ ದಿನ ಲ್ಯಾಬು. ಒಂದೇ ಬಾವಿಯ ಎರಡು ಬಾಟ್ಲಿಗೆ ಬೇರೆ ಬೇರೆ ನಂಬರ್ ಹಾಕಿ ಕಳಿಸಿ, ಎರಡರ ಉತ್ತರ ಹೊಂದದಿದ್ರೆ ಇಡೀ ರಿಪೋರ್ಟ್ ಮೇಲೆ ಪ್ರಶ್ನೆ ಎತ್ತಬಹುದು. ಕಾಲುವೆ ನೀರು ಮತ್ತು ಬಾವಿ ನೀರು ಒಂದೇ ದಿನದ್ದೇ ಇರಲಿ.

ಎನ್‌ಎಬಿಎಲ್ (ಲ್ಯಾಬುಗಳನ್ನ ಪರಿಶೀಲಿಸಿ ಒಪ್ಪೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬನ್ನೇ ಹಿಡೀರಿ, ರಿಪೋರ್ಟ್ ಬಂದಾಗ ‘ಪತ್ತೆ ಮಿತಿಗಿಂತ ಕಡಿಮೆ’ ಅಂತ ಇದ್ರೆ ಆ ಮಿತಿ ಎಷ್ಟು ಅಂತ ಬರೆಸಿಕೊಳ್ಳಿ. ಸೀಸಕ್ಕೆ ಕುಡಿಯೋ ನೀರಿನ ಮಿತಿ 0.01 ಮಿಲಿಗ್ರಾಂ, ಲ್ಯಾಬಿನ ಯಂತ್ರ 0.05ಕ್ಕಿಂತ ಕೆಳಗೆ ನೋಡಲ್ಲ ಅಂದ್ರೆ ಮಿತಿಯ ನಾಲ್ಕು ಪಟ್ಟು ಸೀಸ ಇದ್ರೂ ಅದೇ ಸಾಲು ಬರುತ್ತೆ, ಅಂಥ ರಿಪೋರ್ಟಿಗೆ ದುಡ್ಡು ಕೊಡೋ ಮುಂಚೇನೇ ಕೇಳಿ ತಿಳ್ಕೊಳ್ಳಿ.